ಪ್ರಾಣಿದಯೆಯ ಕರಪತ್ರದ ಹಿಂದೆ ಲಸಿಕೆಯೂ ಬರಬೇಕು

ತುಮಕೂರು: ಪ್ರಾಣಿ ಹಕ್ಕುಗಳ ಸಂಘಟನೆಗಳಲ್ಲಿ ಕೆಲವು ವಾರ ಅಥವಾ ಕೆಲವು ತಿಂಗಳು ಇಂಟರ್ನ್‌ಷಿಪ್ ಮಾಡುವುದು ಕಾಲೇಜು ವಿದ್ಯಾರ್ಥಿಗಳಿಗೆ ಈಗ ಹೊಸ ಸಂಗತಿಯಲ್ಲ. ಶಾಲೆಗಳಲ್ಲಿ ಉಪನ್ಯಾಸ, ಬಸ್ ನಿಲ್ದಾಣದಲ್ಲಿ ಕರಪತ್ರ, ವೃತ್ತಗಳಲ್ಲಿ ಸಹಿ ಸಂಗ್ರಹ, ಸಂತೆಯಲ್ಲಿ ಬೀದಿನಾಟಕ, ಕೊನೆಗೊಂದು ಪ್ರಮಾಣಪತ್ರ. ಇದುವರೆಗೆ ಈ 'ಜನಜಾಗೃತಿ'ಯ ಸ್ವರೂಪ ಹೆಚ್ಚು ಕಡಿಮೆ ಇಷ್ಟೇ ಆಗಿತ್ತು. ಆದರೆ ಬೀದಿನಾಯಿಗಳ ಕುರಿತು ಸುಪ್ರೀಂ ಕೋರ್ಟ್ 2025ರಲ್ಲಿ ನೀಡಿದ ಸರಣಿ ಆದೇಶಗಳು ಈ ಚಿತ್ರವನ್ನು ಬದಲಿಸಿವೆ. ನಾಯಿ ಕಚ್ಚಿಸಿಕೊಂಡ ಮಗುವಿನ ತಂದೆ, ನಾಯಿಗೆ ಅನ್ನ ಹಾಕುವ ಗೃಹಿಣಿ, ಹಣವಿಲ್ಲವೆಂದು ಕೈಚೆಲ್ಲುವ ಸ್ಥಳೀಯ ಸಂಸ್ಥೆ ಈ ಮೂವರ ನಡುವೆ ನಿಂತು ಉತ್ತರ ಹೇಳಬೇಕಾದ ಹೊಣೆ ಇಪ್ಪತ್ತು ವರ್ಷದ ಸ್ವಯಂಸೇವಕರ ಹೆಗಲೇರಿದೆ. ಆ ಉತ್ತರ ಅವರ ಬಳಿ ಇದೆಯೇ ಎಂಬುದೇ ಪ್ರಶ್ನೆ.

ಆದೇಶಗಳು ಹೇಳಿದ್ದೇನು?

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸುವಂತೆ ಸೂಚಿಸಿತು. ದೇಶದಾದ್ಯಂತ ಪ್ರತಿಭಟನೆ ವ್ಯಕ್ತವಾದ ಮೇಲೆ ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿತು. ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕು. ರೇಬೀಸ್ ತಗುಲಿದ ಅಥವಾ ಶಂಕೆಯಿರುವ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬಾರದು. ಬೀದಿಯಲ್ಲಿ ಎಲ್ಲೆಂದರಲ್ಲಿ ಆಹಾರ ಹಾಕುವಂತಿಲ್ಲ, ಪ್ರತಿ ವಾರ್ಡಿನಲ್ಲಿಯೂ ಅದಕ್ಕೆಂದೇ ಜಾಗ ಗುರುತಿಸಬೇಕು ಎಂದಿತು. ವಿಚಾರಣೆಯ ವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿತು.

ನವೆಂಬರ್ 7ರ ಆದೇಶ ಇನ್ನೂ ಮುಂದೆ ಹೋಯಿತು. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳಿಗೆ ಬೇಲಿ ಹಾಕಿ ಅಲ್ಲಿನ ನಾಯಿಗಳನ್ನು ತೆರವುಗೊಳಿಸಬೇಕು, ಚಿಕಿತ್ಸೆಯ ನಂತರವೂ ಅವುಗಳನ್ನು ಮರಳಿ ಅಲ್ಲಿಯೇ ಬಿಡಬಾರದು ಎಂದು ನಿರ್ದೇಶಿಸಿತು. ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಹಾಗೂ ಇಮ್ಯುನೊಗ್ಲಾಬ್ಯುಲಿನ್ ಸದಾ ದಾಸ್ತಾನಿರಬೇಕು, ಶಿಕ್ಷಣ ಸಂಸ್ಥೆಗಳಲ್ಲಿ ಅರಿವು ಮೂಡಿಸುವ ಕಾರ್ಯಕ್ರಮ ನಡೆಯಬೇಕು ಎಂದೂ ಹೇಳಿತು.

ಪ್ರಾಣಿ ಹಕ್ಕುಗಳ ಪರ ಪ್ರಚಾರಕ್ಕೆ ಹೊರಡುವ ವಿದ್ಯಾರ್ಥಿಯ ಮಟ್ಟಿಗೆ ಇದು ವಿಚಿತ್ರ ಸನ್ನಿವೇಶ. ಆತ ಊರಿಗೆ ಬುದ್ಧಿ ಹೇಳುವ ಮುನ್ನ ತನ್ನ ಕಾಲೇಜಿನ ಆವರಣದಲ್ಲಿ ತಾನೇ ಬಿಸ್ಕತ್ತು ಹಾಕಿ ಸಾಕಿದ ನಾಯಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾಗಿದೆ.

ನಗರ: ಭಯಕ್ಕೂ ಕಾರಣವಿದೆ

ರಾಜ್ಯದಲ್ಲಿ 2025ರ ಮೊದಲ ಆರು ತಿಂಗಳಲ್ಲಿ ವರದಿಯಾದ ನಾಯಿ ಕಡಿತದ ಪ್ರಕರಣಗಳು ಸುಮಾರು 2.3 ಲಕ್ಷ. ರೇಬೀಸ್‌ನಿಂದ ಸಂಭವಿಸಿದವೆಂದು ಶಂಕಿಸಲಾದ ಸಾವುಗಳು 19. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಈ ಕಾಯಿಲೆಗೆ ಔಷಧವಿಲ್ಲ ಎಂಬುದನ್ನು ಗಮನಿಸಿದರೆ ಜನರ ಭಯವನ್ನು 'ಪ್ರಾಣಿದ್ವೇಷ'ವೆಂದು ತಳ್ಳಿಹಾಕುವಂತಿಲ್ಲ. ನಸುಕಿನಲ್ಲಿ ಹಾಲು, ಪತ್ರಿಕೆ ಹಂಚುವ ಹುಡುಗರು, ಶಾಲೆಗೆ ನಡೆದುಹೋಗುವ ಮಕ್ಕಳು, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕರು, ಇವರಾರೂ ಕಾರಿನ ಗಾಜು ಏರಿಸಿಕೊಂಡು ಓಡಾಡುವವರಲ್ಲ. ತುಮಕೂರಿನಂತಹ ನಗರದಲ್ಲಿ ಕರಪತ್ರ ಕೈಗೆ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಇವರೇ.

ಹಾಗೆಂದು ನಾಯಿಗಳನ್ನು ಸಾಮೂಹಿಕವಾಗಿ ಕೊಲ್ಲುವುದೂ ಪರಿಹಾರವಲ್ಲ. ಒಂದು ಬೀದಿಯ ನಾಯಿಗಳನ್ನು ತೆಗೆದರೆ, ಅಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಮತ್ತು ಹೋಟೆಲಿನ ಎಂಜಲು ಬೀಳುತ್ತಿರುವಷ್ಟು ಕಾಲ ಪಕ್ಕದ ಬೀದಿಯ ನಾಯಿಗಳು ಬಂದು ಸೇರುತ್ತವೆ. ಹೊಸದಾಗಿ ಬಂದವುಗಳಿಗೆ ಲಸಿಕೆ ಆಗಿರುವುದಿಲ್ಲ. 2001ರಲ್ಲಿ ಬಂದ, 2023ರ ಮಾರ್ಚ್‌ನಲ್ಲಿ ಹೊಸ ರೂಪ ಪಡೆದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ತಿರುಳು ಇದೇ ತರ್ಕ. ಈ ನಿಯಮಗಳು ಹೊಣೆಯನ್ನು ಸ್ಪಷ್ಟವಾಗಿ ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿವೆ. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಕೇಂದ್ರದಲ್ಲಿಯೇ ಶಸ್ತ್ರಚಿಕಿತ್ಸೆ ನಡೆಯಬೇಕು, ಆರು ತಿಂಗಳು ತುಂಬದ ಮರಿಗಳಿಗೆ ಮಾಡುವಂತಿಲ್ಲ, ಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ದಿನ ಆರೈಕೆ ಕೊಡಬೇಕು, ಗುರುತಿಗಾಗಿ ಕಿವಿಯ ತುದಿಯನ್ನು ಕತ್ತರಿಸಬೇಕು.

ಇದಕ್ಕೆ ಶಸ್ತ್ರಚಿಕಿತ್ಸಾ ಕೊಠಡಿ, ಗೂಡುಗಳು, ನುರಿತ ಪಶುವೈದ್ಯರು, ವಾಹನ ಎಲ್ಲವೂ ಬೇಕು. ಮಹಾನಗರ ಪಾಲಿಕೆಗೆ ಸಾಧ್ಯವಾಗಬಹುದಾದದ್ದು ಕುಣಿಗಲ್ ಪುರಸಭೆಗಾಗಲೀ ಗುಬ್ಬಿ ಪಟ್ಟಣ ಪಂಚಾಯಿತಿಗಾಗಲೀ ಒಂಟಿಯಾಗಿ ನಿಭಾಯಿಸುವುದು ಕಷ್ಟ. ಆದರೆ ನಾಯಿಗಳಿಗೆ ವಾರ್ಡಿನ ಗಡಿಯೂ ಇಲ್ಲ, ತಾಲ್ಲೂಕಿನ ಗಡಿಯೂ ಇಲ್ಲ.

ಬೆಂಗಳೂರಿನ ಅನುಭವ ಇಲ್ಲಿ ಉಪಯುಕ್ತ. ಆಗಿನ ಬಿಬಿಎಂಪಿ 2019ರಲ್ಲಿ ನಡೆಸಿದ ಗಣತಿಯಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರ ಗಣತಿಯಲ್ಲಿ ಅದು 2.79 ಲಕ್ಷಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಚಿಕಿತ್ಸೆಗೆ ಒಳಗಾದ ನಾಯಿಗಳ ಪ್ರಮಾಣ ಶೇ 51ರ ಆಸುಪಾಸಿನಿಂದ ಶೇ 72ರ ಸಮೀಪಕ್ಕೆ ಏರಿತ್ತು. ಇಳಿಕೆ ದೊಡ್ಡದಲ್ಲ, ಸಮಸ್ಯೆ ಮುಗಿದೂ ಇಲ್ಲ. ಆದರೆ ದಿಕ್ಕು ಬದಲಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಗುಬ್ಬಿ, ಕುಣಿಗಲ್: ನಾಯಿಯ ಬೆನ್ನಿಗೆ ಚಿರತೆ

ನಗರ ಬಿಟ್ಟು ಹೆಬ್ಬೂರು, ಸಿ.ಎಸ್.ಪುರದ ಕಡೆಗೆ ಹೋದರೆ ಮಾತಿನ ವಿಷಯವೇ ಬೇರೆಯಾಗುತ್ತದೆ. 2019ರ ಕೊನೆ ಹಾಗೂ 2020ರ ಆರಂಭದ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಗ್ರಾಮಗಳಲ್ಲಿ ಚಿರತೆ ದಾಳಿಗೆ ಹಲವರು ಬಲಿಯಾದರು. 2020ರ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಮಣಿಕುಪ್ಪೆಯಲ್ಲಿ, ಫೆಬ್ರುವರಿ ಕೊನೆಯಲ್ಲಿ ತುಮಕೂರು ತಾಲ್ಲೂಕಿನ ಬೈಚೇನಹಳ್ಳಿಯಲ್ಲಿ ಪ್ರಾಣ ಕಳೆದುಕೊಂಡವರು ಎಳೆಯ ಮಕ್ಕಳು. ಆ ದಿನಗಳಲ್ಲಿ ಜನ ಅರಣ್ಯ ಇಲಾಖೆಯ ಮೇಲೆ ಹರಿಹಾಯ್ದರು, ಸಂಜೆಯಾಗುತ್ತಲೇ ಬಾಗಿಲು ಹಾಕಿಕೊಂಡರು. ಇಂತಹ ಊರಿನಲ್ಲಿ 'ಪ್ರಾಣಿಗಳಿಗೂ ಬದುಕುವ ಹಕ್ಕಿದೆ' ಎಂಬ ಘೋಷಣೆಯಿಂದ ಮಾತು ಆರಂಭಿಸುವವರನ್ನು ಯಾರೂ ಕೂರಿಸಿ ಕೇಳುವುದಿಲ್ಲ. ಕೇಳಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಬೀದಿನಾಯಿ ಮತ್ತು ಚಿರತೆ ಎರಡು ಬೇರೆ ವಿಷಯಗಳಲ್ಲ ಎಂಬುದು ಮುಖ್ಯ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಗದ್ದೆಗಳ ನಡುವೆ ವಾಸಿಸುವ ಚಿರತೆಗಳ ಆಹಾರವನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ, ತೂಕದ ಲೆಕ್ಕದಲ್ಲಿ ಸುಮಾರು ಶೇ 39ರಷ್ಟು ಪಾಲು ನಾಯಿಗಳದ್ದೇ ಎಂದು ಕಂಡುಬಂತು. ಊರಂಚಿನಲ್ಲಿ ತ್ಯಾಜ್ಯ ಸುರಿದರೆ ನಾಯಿ ಬರುತ್ತದೆ, ನಾಯಿ ಇದ್ದಲ್ಲಿಗೆ ಚಿರತೆ ಬರುತ್ತದೆ. ಹಳ್ಳಿಯಲ್ಲಿ ನಿಂತು ಹೇಳಬೇಕಾದ ಮಾತು ಇದು. ದಯೆಯ ವ್ಯಾಖ್ಯಾನ ಮಾಡುವುದಕ್ಕಿಂತ ಕಸದ ತಿಪ್ಪೆಯನ್ನು ತೋರಿಸುವುದು ಹೆಚ್ಚು ಫಲಕಾರಿ.

ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ 2011ರಲ್ಲಿ ಅರಣ್ಯ ಇಲಾಖೆ ಮತ್ತು ನಾಗರಿಕರು ಕೂಡಿ ಆರಂಭಿಸಿದ ಅಭಿಯಾನ ಇದೇ ಹಾದಿಯಲ್ಲಿ ಸಾಗಿತು. ಚಿರತೆ ಕಂಡ ಕೂಡಲೇ ಗುಂಪುಗೂಡಬಾರದು, ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬರೇ ಹೊರಗೆ ಬಿಡಬಾರದು, ಕಸ ವಿಲೇವಾರಿ ಸರಿಯಾಗಬೇಕು ಎಂಬ ಸರಳ ಸಂಗತಿಗಳನ್ನು ನಿವಾಸಿಗಳಿಗೆ, ಪೊಲೀಸರಿಗೆ, ಪತ್ರಕರ್ತರಿಗೆ ತಿಳಿಸಿಕೊಡಲಾಯಿತು. ಇಲಾಖೆ ಜತೆಗಿದ್ದುದರಿಂದ ಸ್ವಯಂಸೇವಕರ ಮಾತಿಗೆ ತೂಕ ಬಂತು.

ರೈತನಿಗೆ ಪಾಠ ಬೇಕೆ?

ತುಮಕೂರು ಜಿಲ್ಲೆಯ ಜನರಿಗೆ ಪ್ರಾಣಿಗಳೊಡನೆ ಬದುಕುವುದು ಹೊಸದಲ್ಲ. ಇದು ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳ ಸೀಮೆ. ಶಿವರಾತ್ರಿಯ ವೇಳೆಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಕುಣಿಗಲ್ಲಿನ ಕುದುರೆ ಫಾರಂನ 400ಕ್ಕೂ ಹೆಚ್ಚು ಎಕರೆ ಜಾಗದಲ್ಲಿ ಉಪನಗರ ನಿರ್ಮಿಸುವ ಪ್ರಸ್ತಾವ 2024ರಲ್ಲಿ ಬಂದಾಗ ವಿರೋಧ ವ್ಯಕ್ತವಾಯಿತು. ಆದ್ದರಿಂದ ರೈತನಿಗೆ ಎತ್ತನ್ನು ಪ್ರೀತಿಸುವುದು ಹೇಗೆಂದು ನಗರದಿಂದ ಹೋದವರು ಕಲಿಸಬೇಕಾಗಿಲ್ಲ.

ಅವನಿಗೆ ತಿಳಿಯದಿರುವುದು ಕಾನೂನು. ಲಾರಿಯೊಂದರಲ್ಲಿ ಆರಕ್ಕಿಂತ ಹೆಚ್ಚು ದನ ಸಾಗಿಸುವಂತಿಲ್ಲ ಎಂದು 1978ರ ಸಾಗಣೆ ನಿಯಮಗಳು ಹೇಳುತ್ತವೆ. ದುಡಿಯುವ ಪ್ರಾಣಿಯನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಕಟ್ಟಬಾರದು ಎಂದು 1965ರ ನಿಯಮಗಳು ತಿಳಿಸುತ್ತವೆ. ದನದ ವ್ಯಾಪಾರ ಸುತ್ತಲೂ ರಾಜಕೀಯ ಬಿಸಿಯೇರಿರುವ ಈ ಕಾಲದಲ್ಲಿ, ಜಾತ್ರೆಗೆ ಬಂದ ರೈತ ಪ್ರಾಣಿ ಸಂಘಟನೆಯ ಹುಡುಗರನ್ನು ಅನುಮಾನದಿಂದ ನೋಡುವುದು ಸಹಜ. ಹಿಡಿದುಕೊಡಲು ಬಂದವರಲ್ಲ, ತಿಳಿಸಲು ಬಂದವರು ಎಂಬ ನಂಬಿಕೆ ಹುಟ್ಟಿದ ಮೇಲೆಯೇ ನೀರಿನ ತೊಟ್ಟಿ, ನೆರಳು, ಲಸಿಕೆಯ ಮಾತು ಕಿವಿಗೆ ಬೀಳುತ್ತದೆ.

ಕಾನೂನಿನ ಬಲ ಎಷ್ಟು?

ರುಕ್ಮಿಣಿ ದೇವಿ ಅರುಂಡೇಲ್ ಅವರು 1952ರಲ್ಲಿ ರಾಜ್ಯಸಭೆಗೆ ಪ್ರವೇಶಿಸಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯಿದೆ ಬಂತು. ಆ ಕಾಯಿದೆಯ 11ನೇ ಕಲಮಿನಂತೆ ಮೊದಲ ತಪ್ಪಿಗೆ ವಿಧಿಸುವ ದಂಡ 10ರಿಂದ 50 ರೂಪಾಯಿ. ಆರು ದಶಕ ಕಳೆದರೂ ಅದು ಏರಿಲ್ಲ ಎಂಬುದು ವಿಪರ್ಯಾಸ. ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಪ್ರತಿ ಜಿಲ್ಲೆಯಲ್ಲಿ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು, ಅದಕ್ಕೆ ಚಿಕಿತ್ಸಾಲಯ ಮತ್ತು ಆಶ್ರಯತಾಣ ಇರಬೇಕು ಎಂದು 2001ರ ನಿಯಮಗಳು ಹೇಳಿವೆ. ಕಾಗದದ ಮೇಲಿನ ಈ ಸಂಘ ಎಷ್ಟು ಚುರುಕಾಗಿರುತ್ತದೋ ಕರಪತ್ರಕ್ಕೆ ಅಷ್ಟೇ ಬೆಲೆ. 'ಗಾಯಗೊಂಡ ಪ್ರಾಣಿ ಕಂಡರೆ ಕರೆ ಮಾಡಿ' ಎಂದು ಅಚ್ಚು ಹಾಕಿಸಿದ ಮೇಲೆ, ಕರೆ ಸ್ವೀಕರಿಸಿ ಹೊರಟು ಬರುವವರು ಇರಲೇಬೇಕು. ಒಮ್ಮೆ ಕರೆದು ಯಾರೂ ಬಾರದಿದ್ದರೆ ಎರಡನೆಯ ಸಲ ಜನ ಕರೆಯುವುದಿಲ್ಲ.

ಗೋವಾ ಕಲಿಸಿದ ಪಾಠ

ಪ್ರಚಾರ ಮತ್ತು ಲಸಿಕೆ ಜತೆಯಾಗಿ ಸಾಗಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಗೋವಾ ನಿದರ್ಶನ. ಅಲ್ಲಿ ಸರ್ಕಾರ ಮತ್ತು ಮಿಷನ್ ರೇಬೀಸ್ ಸಂಸ್ಥೆ ಸೇರಿ ವರ್ಷಕ್ಕೆ ಸುಮಾರು 95 ಸಾವಿರ ನಾಯಿಗಳಿಗೆ ಲಸಿಕೆ ಹಾಕಿದವು. ಅದೇ ಸಮಯದಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಜನರಿಗೆ ಕಡಿತ ತಪ್ಪಿಸಿಕೊಳ್ಳುವ ಬಗೆಯನ್ನು ಹೇಳಿಕೊಟ್ಟವು. ನಾಯಿಗಳಲ್ಲಿನ ಮಾಸಿಕ ರೇಬೀಸ್ ಪ್ರಕರಣಗಳು ಶೇ 92ರಷ್ಟು ಇಳಿದವು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿತವಾಯಿತು. ಗೋವಾ ಚಿಕ್ಕ ರಾಜ್ಯ, ಅದಕ್ಕೂ ತುಮಕೂರಿಗೂ ಹೋಲಿಕೆ ಸಲ್ಲದು ಎನ್ನಬಹುದು. ಆದರೆ ವಿಧಾನವನ್ನು ಜಿಲ್ಲೆಯ ಅಳತೆಗೆ ಹೊಂದಿಸಿಕೊಳ್ಳಲು ಅಡ್ಡಿಯೇನಿಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆ ತಲುಪಿದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾಯಿಗಳಿಂದ ಹರಡುವ ರೇಬೀಸ್ ಸಾವನ್ನು 2030ರೊಳಗೆ ಇಲ್ಲವಾಗಿಸುವುದು ಕೇಂದ್ರ ಸರ್ಕಾರದ ಗುರಿ.

ಇಂಟರ್ನ್‌ಗಳು ಮಾಡಬಹುದಾದದ್ದು

ಇಷ್ಟೆಲ್ಲದರ ನಡುವೆ ಎರಡು ತಿಂಗಳ ಮಟ್ಟಿಗೆ ಬರುವ ವಿದ್ಯಾರ್ಥಿಯಿಂದ ಏನು ಸಾಧ್ಯ? ಸಾಕಷ್ಟು ಸಾಧ್ಯ. ವಾರ್ಡಿನ ನಾಯಿಗಳನ್ನು ಎಣಿಸಬಹುದು. ಕಿವಿ ಗುರುತು ಇರುವವು ಎಷ್ಟು, ಇಲ್ಲದವು ಎಷ್ಟು ಎಂದು ಬರೆದಿಡಬಹುದು. ಮಾಂಸದ ತ್ಯಾಜ್ಯ ಬೀಳುವ ಜಾಗಗಳ ನಕ್ಷೆ ಮಾಡಿ ಪಾಲಿಕೆಗೆ ಕೊಡಬಹುದು. ಆಹಾರ ಹಾಕುವವರನ್ನೂ ದೂರು ಕೊಡುವವರನ್ನೂ ಒಂದೆಡೆ ಕೂರಿಸಿ, ಶಾಲೆಯಿಂದ ದೂರವಿರುವ ಜಾಗವನ್ನು ಗುರುತಿಸಬಹುದು. ಶಾಲೆಯ ಮಕ್ಕಳಿಗೆ, ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪಿನಲ್ಲಿ ಹರಿಯುವ ನೀರಿನಡಿ ತೊಳೆಯಬೇಕು, ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು, ಆ ದಿನವೇ ಆಸ್ಪತ್ರೆಗೆ ಹೋಗಿ ಲಸಿಕೆಯ ಎಲ್ಲ ಸುತ್ತುಗಳನ್ನೂ ಪೂರೈಸಬೇಕು ಎಂದು ಹೇಳಿಕೊಡಬಹುದು. ರೈತರಿಗೆ ಪಶು ಚಿಕಿತ್ಸೆಯ ಸಹಾಯವಾಣಿ 1962 ಮತ್ತು ಅರಣ್ಯ ಇಲಾಖೆಯ 1926 ಸಂಖ್ಯೆಗಳನ್ನು ಬರೆದುಕೊಡಬಹುದು. ನಾಯಿಗಳನ್ನು ಮುಟ್ಟುವ ಕೆಲಸಕ್ಕೆ ಇಳಿಯುವ ಮುನ್ನ ಸ್ವತಃ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಬೇಕು; ಇದನ್ನು ನೋಡಿಕೊಳ್ಳುವುದು ಸಂಘಟನೆಯ ಕರ್ತವ್ಯ.

ಆದರೆ ಎಣಿಕೆಯ ಹಾಳೆ ಪಾಲಿಕೆಯ ಕಪಾಟಿನಲ್ಲಿ ದೂಳು ತಿನ್ನುವಂತಾದರೆ ವಿದ್ಯಾರ್ಥಿಯ ಶ್ರಮ ವ್ಯರ್ಥ. ಜಿಲ್ಲಾಡಳಿತ, ಪಾಲಿಕೆ, ಗುಬ್ಬಿ ಮತ್ತು ಕುಣಿಗಲ್ಲಿನ ಸ್ಥಳೀಯ ಸಂಸ್ಥೆಗಳು ಕೂಡಿ ಒಂದೇ ಚಿಕಿತ್ಸಾ ಕೇಂದ್ರ, ಸಂಚಾರಿ ಲಸಿಕಾ ವಾಹನ ಮತ್ತು ಒಂದೇ ದೂರವಾಣಿ ಸಂಖ್ಯೆಯ ವ್ಯವಸ್ಥೆ ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಕಾಲೇಜುಗಳು ಇಂಟರ್ನ್‌ಗಳನ್ನು ಆ ಕೇಂದ್ರಕ್ಕೆ ಜೋಡಿಸಿದರೆ, ಪ್ರತಿ ವರ್ಷ ಹೊಸ ತಂಡ ಹಿಂದಿನ ತಂಡ ಬಿಟ್ಟಲ್ಲಿಂದ ಮುಂದುವರಿಸಬಹುದು. ಮಣಿಕುಪ್ಪೆ, ಬೈಚೇನಹಳ್ಳಿಗಳಂತಹ ಊರುಗಳಿಗೆ ಮತ್ತು ನಸುಕಿನಲ್ಲಿ ಬೀದಿಗಿಳಿಯುವ ನಗರದ ದುಡಿಮೆಗಾರರಿಗೆ ಪ್ರಾಣಿದಯೆಯ ಮಾತು ನಂಬಿಕೆಗೆ ಅರ್ಹವೆನಿಸುವುದು ಆಗ ಮಾತ್ರ.