ಒಂದೇ ದಿನದಲ್ಲಿ ಇಡೀ ಗೋವಾ: ಡ್ರೈವರನ ನಿದ್ದೆಯ ಲೆಕ್ಕ ಯಾರದು?

ಮಳೆ ಕಡಿಮೆಯಾಗಿ ನಾಲ್ಕು ದಿನ ಬಿಸಿಲು ಬಿತ್ತೆಂದರೆ ಸಾಕು, ಬೆಳಗಾವಿಯಲ್ಲಿ ಗೋವಾ ಟ್ರಿಪ್ಪಿನ ಹ್ಯಾಂಡ್‌ಬಿಲ್‌ಗಳ ಸುಗ್ಗಿ. ಬಸ್‌ಸ್ಟ್ಯಾಂಡಿನ ಕಂಬ, ಚಹಾದಂಗಡಿಯ ಗೋಡೆ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮಗ್ಗುಲು, ಎಲ್ಲಿ ನೋಡಿದರೂ ಅದೇ. ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು ಬಿಡುತ್ತದೆ. ಹರವಳೆ ಜಲಪಾತ, ಹಳೆ ಗೋವಾದ ಚರ್ಚುಗಳು, ಮಂಗೇಶಿ, ಶಾಂತಾದುರ್ಗಾ, ತಾಂಬಡಿ ಸುರ್ಲಾದ ಕದಂಬರ ಗುಡಿ, ದೂಧಸಾಗರ, ಸಂಜೆಗೆ ಪಣಜಿಯ ಮಾಂಡವಿ ದಂಡೆ. ರಾತ್ರಿ ಹನ್ನೆರಡಕ್ಕೆ ಮನೆ. ಚಹಾ, ನಾಷ್ಟಾ, ಊಟ ಎಲ್ಲ ಸೇರಿ ಒಂದೇ ರೇಟು.

ಓದಲಿಕ್ಕೆ ಬಹಳ ಚೆಂದ. ಆದರೆ ಗಡಿಯಾರದ ಮುಳ್ಳು ಹ್ಯಾಂಡ್‌ಬಿಲ್ ಓದಿಕೊಂಡು ತಿರುಗುವುದಿಲ್ಲ.

ಒಂದು ದಿನದ ಟ್ರಿಪ್ಪೇ ತಪ್ಪು ಎಂದು ಯಾರೂ ಹೇಳಬೇಕಾಗಿಲ್ಲ. ವಾರಕ್ಕೆ ಒಂದೇ ದಿನ ಶಟರ್ ಇಳಿಸುವ ಅಂಗಡಿಕಾರನಿಗೆ, ದಿನಾ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗಿಬರುವ ನೌಕರನಿಗೆ ಮೂರು ದಿನದ ಪ್ರವಾಸ ಎಲ್ಲಿಂದ ಬರಬೇಕು? ಲಾಡ್ಜಿನ ಬಾಡಿಗೆ, ಹೊರಗಿನ ಊಟ ಎಂದು ಕೂಡಿಸಿದರೆ ಸಂಸಾರದೊಂದಿಗೆ ಹೋದವನ ತಿಂಗಳ ಸಂಬಳ ಮಾಂಡವಿ ಪಾಲು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮುಂಜಾನೆ ಹೊರಟು ರಾತ್ರಿ ತಿರುಗಿ ಬರುವ ಬಸ್ಸು ಇಂಥವರ ಪಾಲಿಗೆ ದೊಡ್ಡ ಅನುಕೂಲ. ಮನೆಯಿಂದ ಹೊರಗೆ ಬೀಳದ ಎಷ್ಟೋ ತಾಯಂದಿರು ಮೊದಲ ಸಲ ಸಮುದ್ರದ ಗಾಳಿ ಕುಡಿದದ್ದು ಇಂಥ ಬಸ್ಸುಗಳ ದೆಸೆಯಿಂದಲೇ. ಆದ್ದರಿಂದ ಟ್ರಿಪ್ಪು ನಡೆಯಲಿ. ಪ್ರಶ್ನೆ ಇರುವುದು ಲೆಕ್ಕದ್ದು.

ಗಂಟೆಯ ಲೆಕ್ಕ

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಅವರೇ ಕೂಡಿಸಿ ನೋಡಲಿ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಇಳಿದು ಸಾಖಳಿ ಹತ್ತಿರದ ಹರವಳೆಗೆ ಸುಮಾರು 90 ಕಿಲೋಮೀಟರು. ದೊಡ್ಡ ಬಸ್ಸಿಗೆ ಆ ತಿರುವುಗಳಲ್ಲಿ ಮೂರು ಗಂಟೆ ಹಿಡಿಯುತ್ತದೆ. ಅಲ್ಲಿಂದ ಹಳೆ ಗೋವಾಕ್ಕೆ ಒಂದು ಗಂಟೆಯ ಮೇಲೆ. ಮಂಗೇಶಿ, ಶಾಂತಾದುರ್ಗಾ ಮುಗಿಸಲಿಕ್ಕೆ ಮುಕ್ಕಾಲು ಗಂಟೆಯ ಓಡಾಟ. ತಾಂಬಡಿ ಸುರ್ಲಾಕ್ಕೆ ಒಂದೂವರೆ, ದೂಧಸಾಗರದ ಬುಡದ ಕುಳೆಂ ಊರಿಗೆ ಮುಕ್ಕಾಲು, ಅಲ್ಲಿಂದ ಪಣಜಿಗೆ ಎರಡು, ಪಣಜಿಯಿಂದ ಬೆಳಗಾವಿಗೆ ನಾಲ್ಕು. ಬರೀ ಚಕ್ರ ಉರುಳುವ ಹೊತ್ತೇ ಹದಿಮೂರು ಗಂಟೆ. ಇಳಿದು ಹತ್ತುವುದು, ಊಟ, ಚಹಾ, 'ಇನ್ನೂ ಒಬ್ಬರು ಬಂದಿಲ್ರೀ' ಎಂದು ಕಾಯುವುದು ಎಲ್ಲ ಸೇರಿ ಇಪ್ಪತ್ತು ಗಂಟೆ ದಾಟುತ್ತದೆ.

ಹಿಂದಿನ ಸೀಟಿನವರು ತೂಕಡಿಸಬಹುದು. ಮುಂದಿನ ಒಂದೇ ಒಂದು ಸೀಟಿನವನು ತೂಕಡಿಸುವಂತಿಲ್ಲ. ಟಿಕೆಟಿನ ರೇಟು ಇಳಿಸಲು ಮಾಲೀಕರು ಮೊದಲು ಕತ್ತರಿ ಹಾಕುವುದು ಎರಡನೆಯ ಡ್ರೈವರನ ಪಗಾರಕ್ಕೆ. ಹಾಗಾದಾಗ ಬೆಳಗಿನ ಮೂರಕ್ಕೆ ಎದ್ದು ಬಸ್ಸು ತೊಳೆದವನೇ ನಡುರಾತ್ರಿ ಚೋರ್ಲಾ ಘಾಟ್ ಹತ್ತಿಸಬೇಕು.

ಕಾಯ್ದೆ ಏನು ಹೇಳುತ್ತದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರನಿಗೆ ದಿನಕ್ಕೆ ಎಂಟು ಗಂಟೆ ಕೆಲಸ ಎಂದಿತು. ದೂರದ ಮಾರ್ಗಕ್ಕೆ ಹತ್ತು ಗಂಟೆ ತನಕ ಅವಕಾಶ ಕೊಟ್ಟಿತು. ಐದು ಗಂಟೆಗಿಂತ ಹೆಚ್ಚು ಎಡೆಬಿಡದೆ ಓಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮ ಬೇಕು ಎಂದಿತು. ವಿರಾಮವೆಲ್ಲ ಸೇರಿ ದಿನದ ಕೆಲಸ ಹನ್ನೆರಡು ಗಂಟೆಗೆ ಮುಗಿಯಬೇಕು ಎಂದೂ ಬರೆಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಆ ಹಳೆಯ ಕಾಯ್ದೆಯನ್ನು ತಮ್ಮೊಳಗೆ ಸೇರಿಸಿಕೊಂಡಿವೆ. ದಿನಕ್ಕೆ ಎಂಟು ಗಂಟೆ ಎಂಬ ಮಾತು ಅಲ್ಲಿಯೂ ಉಳಿದಿದೆ. ಇಪ್ಪತ್ತು ಗಂಟೆಯ ಟ್ರಿಪ್ಪಿಗೆ ಒಬ್ಬನೇ ಡ್ರೈವರ್ ಎನ್ನುವುದು ಯಾವ ಕಾಲದ ಯಾವ ಕಾಯ್ದೆಗೂ ಹೊಂದುವುದಿಲ್ಲ.

ದೂಧಸಾಗರ ಎಂಬ ಆಮಿಷ

ಹ್ಯಾಂಡ್‌ಬಿಲ್ಲಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರ ದೂಧಸಾಗರದ್ದು. 310 ಮೀಟರ್ ಎತ್ತರದಿಂದ ಹಾಲು ಸುರಿದಂತೆ ಇಳಿಯುವ ನೀರು, ನಡುವೆ ರೈಲು ಸೇತುವೆ. ಚಿತ್ರ ನೋಡಿದರೆ ಯಾರಿಗಾದರೂ ಮನಸ್ಸಾಗುತ್ತದೆ. ಆದರೆ ಅದರ ಬುಡಕ್ಕೆ ಯಾವ ಬಸ್ಸೂ ಹೋಗುವುದಿಲ್ಲ. ಕುಳೆಂನಲ್ಲಿ ಇಳಿದು, ಹಳ್ಳ ದಾಟುವ ಜೀಪು ಹಿಡಿದು, ಅಭಯಾರಣ್ಯದೊಳಗೆ ಹತ್ತು ಹನ್ನೆರಡು ಕಿಲೋಮೀಟರು ಕುಲುಕಾಡಿಕೊಂಡು ಹೋಗಬೇಕು. ಒಂದು ಜೀಪಿಗೆ ಏಳು ಜನ. ನಲವತ್ತು ಜನರ ಬಸ್ಸಿಗೆ ಆರು ಜೀಪು ಬೇಕು. ಸರದಿ ಕಾದು, ಹೋಗಿ, ನೋಡಿ, ತಿರುಗಿ ಬರಲು ಕಡಿಮೆಯೆಂದರೂ ಮೂರು ಗಂಟೆ. ಮಳೆಗಾಲದಲ್ಲಿ ಜೀಪೇ ಬಂದ್. ಸಂಜೆ ಐದಕ್ಕೆ ಕುಳೆಂ ಮುಟ್ಟುವ ಬಸ್ಸಿನವರು ನೋಡುವುದು ಜಲಪಾತದ ಬೋರ್ಡು ಅಷ್ಟೇ. 'ಲೇಟಾತ್ರೀ, ಇನ್ನೊಮ್ಮೆ ನೋಡೂಣು' ಎಂದು ಗೈಡು ಕೈ ತೊಳೆದುಕೊಂಡರೆ, ದುಡ್ಡು ಕೊಟ್ಟವನು ಯಾರನ್ನು ಕೇಳಬೇಕು?

ಹೊತ್ತಿಲ್ಲದ ಹೊತ್ತಿನಲ್ಲಿ ನೀರಿಗೆ ಇಳಿಯುವ ಆತುರದ್ದು ಇನ್ನೊಂದು ಕಥೆ. 2023ರ ಜುಲೈನಲ್ಲಿ ಗೋವಾದ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತ ಮೇಲೆ, ಅಭಯಾರಣ್ಯಗಳೊಳಗಿನ ಜಲಪಾತಗಳಿಗೆ ಅಲ್ಲಿನ ಅರಣ್ಯ ಇಲಾಖೆ ಪ್ರವೇಶ ನಿಲ್ಲಿಸಿತು. ಅದೇ ತಿಂಗಳು ದೂಧಸಾಗರದ ಹಳಿಯ ಮೇಲೆ ಇಳಿದು ನಡೆದ ಜನರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ನಾಡೆಲ್ಲ ನೋಡಿ ನಕ್ಕಿತು. ನಗುವುದು ಸುಲಭ. ಇಪ್ಪತ್ತು ನಿಮಿಷ ಕೊಟ್ಟು 'ಬೇಗ ನೋಡಿ ಬರ್ರಿ' ಎಂದರೆ ಹುಡುಗರು ಪಾಚಿಗಟ್ಟಿದ ಬಂಡೆಯ ಮೇಲೆ ಓಡುತ್ತಾರೆ. ನಿಧಾನ ಇದ್ದ ಕಡೆ ಎಚ್ಚರವೂ ಇರುತ್ತದೆ.

ಘಾಟಿಗೆ ರಾತ್ರಿ ಗೊತ್ತಿಲ್ಲ

ಚೋರ್ಲಾ ರಸ್ತೆಯನ್ನು ಬೆಳಗಾವಿಯವರಿಗೆ ಪರಿಚಯ ಮಾಡಿಸಬೇಕಾಗಿಲ್ಲ. ಎದುರು ಲಾರಿ ಬಂದರೆ ಜೀವ ಕೈಯಲ್ಲಿ. ಮಳೆಗಾಲದಲ್ಲಿ ಮಂಜು ಇಳಿದರೆ ಹತ್ತು ಮಾರು ದೂರದ ತಿರುವು ಕಾಣಿಸುವುದಿಲ್ಲ. ಇನ್ನೊಂದು ದಾರಿ ಅನಮೋಡ ಘಾಟು. 2025ರ ಜುಲೈನಲ್ಲಿ ಗೋವಾ ಭಾಗದಲ್ಲಿ ಆ ರಸ್ತೆಯ ಮಗ್ಗುಲು ಕುಸಿದು ಭಾರಿ ವಾಹನಗಳನ್ನೇ ನಿಲ್ಲಿಸಬೇಕಾಗಿ ಬಂತು. ಎರಡೂ ದಾರಿಗಳು ಹಗಲಿನಲ್ಲಿ ಕಣ್ಣಿಗೆ ಹಬ್ಬ, ನಡುರಾತ್ರಿಯಲ್ಲಿ ನಿದ್ದೆಗೆಟ್ಟ ಡ್ರೈವರನಿಗೆ ಪರೀಕ್ಷೆ. ಆ ಪರೀಕ್ಷೆಯಲ್ಲಿ ನಪಾಸಾದರೆ ಒಬ್ಬನೇ ನಪಾಸಾಗುವುದಿಲ್ಲ. ಹಿಂದೆ ಕೂತ ನಲವತ್ತು ಮನೆಗಳೂ ನಪಾಸು.

ತಪ್ಪೆಲ್ಲ ಮಾಲೀಕರದ್ದೇ ಎಂದು ಹೇಳುವಂತೆಯೂ ಇಲ್ಲ. ಅರ್ಧ ಗಂಟೆ ಎಂದರೆ ಒಂದೂವರೆ ಗಂಟೆಗೆ ಗೋಡಂಬಿ ಚೀಲ ಹಿಡಿದು ಬರುವವರು ಪ್ರಯಾಣಿಕರೇ. 'ಆ ಬಸ್ಸಿನವ್ರು ಎಂಟು ಜಾಗಾ ತೋರಸ್ತಾರ, ನೀವು ಬರೇ ನಾಕ' ಎಂದು ಚೌಕಾಸಿ ಮಾಡುವವರೂ ಅವರೇ. ಗೋವಾದಲ್ಲಿ ಅಗ್ಗ ಎಂದು ಒಬ್ಬ ಬ್ಯಾಗಿನ ತಳದಲ್ಲಿ ಬಾಟ್ಲಿ ಅಡಗಿಸಿ ತಂದರೆ, ಗಡಿಯ ಅಬಕಾರಿ ನಾಕಾದಲ್ಲಿ ಇಡೀ ಬಸ್ಸು ನಿಲ್ಲುತ್ತದೆ. ಒಬ್ಬನ ಚಪಲಕ್ಕೆ ಅತ್ತೆ, ಸೊಸೆ, ಕೂಸು ಕುನ್ನಿ ಎಲ್ಲ ನಡುರಾತ್ರಿ ರಸ್ತೆಯ ಮೇಲೆ. ಹೋದ ಹೊತ್ತನ್ನು ಡ್ರೈವರ್ ಎಲ್ಲಿ ತುಂಬಿಕೊಳ್ಳುತ್ತಾನೆ? ಆಕ್ಸಿಲರೇಟರ್ ಮೇಲೆ.

ನೋಡಿದ್ದು ಏನು?

ಇಷ್ಟೆಲ್ಲ ಓಡಿ ನೋಡುವುದಾದರೂ ಏನು? ಬೆಳಗಿನ ಐದೂವರೆಗೆ ಬಸ್ಸು ಕಣಕುಂಬಿ ದಾಟುವಾಗ ಒಳಗೆ ಗೊರಕೆ. ಸವದತ್ತಿಯ ಅಣೆಕಟ್ಟು ತುಂಬಿಸಿ, ಪಟ್ಟದಕಲ್ಲು, ಐಹೊಳೆಯ ಮಗ್ಗುಲು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಹುಟ್ಟುವುದು ಅದೇ ಕಣಕುಂಬಿಯಲ್ಲಿ. ಪತ್ರಿಕೆಯಲ್ಲಿ ಓದಿ ಓದಿ ಬಾಯಿಪಾಠವಾದ ಕಳಸಾ ನಾಲೆಯೂ ಅದೇ ಊರಿನದು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ನೀರು ಎಂದು ತೀರ್ಪು ಕೊಟ್ಟಿತು. ಆ ಜಗಳದ ಜಾಗ ಹೇಗಿದೆ ಎಂದು ಕಿಟಕಿಯಿಂದ ನೋಡಲಿಕ್ಕೂ ಕತ್ತಲು ಬಿಡುವುದಿಲ್ಲ.

ಹಳೆ ಗೋವಾದ ಬೊಂ ಜೀಸಸ್ ಚರ್ಚು ಕಟ್ಟಲು ತೊಡಗಿದ್ದು 1594ರಲ್ಲಿ, ಮುಗಿದು ಪ್ರತಿಷ್ಠೆಯಾದದ್ದು 1605ರಲ್ಲಿ. ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರ ಇರುವುದು ಅಲ್ಲಿಯೇ. ಭಾನುವಾರ ಬೆಳಿಗ್ಗೆ ಹೋದವರು ಪ್ರಾರ್ಥನೆ ಮುಗಿಯುವ ತನಕ ಹೊರಗೆ ಕಾಯಬೇಕು; ಟ್ರಿಪ್ಪಿನ ಬಸ್ಸಿಗೆ ಕಾಯುವ ಪುರುಸೊತ್ತಿಲ್ಲ. ಬಾಗಿಲಲ್ಲಿ ಒಂದು ಫೋಟೋ, ನಡೀರಿ ಮುಂದೆ.

ತಾಂಬಡಿ ಸುರ್ಲಾದ ಮಹಾದೇವ ಗುಡಿಯ ಮಾತು ಇನ್ನೂ ಹತ್ತಿರದ್ದು. ಗೋವಾ ಕದಂಬರ ಕಾಲದ ಗುಡಿ. ಸುತ್ತಲಿನ ಮಣ್ಣಿನಲ್ಲಿ ಸಿಗದ ಕರಿಕಲ್ಲನ್ನು ಘಾಟಿನ ಮೇಲಿನಿಂದ ಹೊತ್ತು ತಂದು ಕಾಡಿನ ನಡುವೆ ಕಟ್ಟಿದ್ದು. ಆ ಕದಂಬರ ಹೆಸರನ್ನು ಗೋವಾ ಸರಕಾರ ತನ್ನ ಬಸ್ಸುಗಳ ಮೇಲೆ ಬರೆದುಕೊಂಡಿದೆ. ಅವರ ಇನ್ನೊಂದು ರಾಜಧಾನಿ ಹಲಸಿ ಇರುವುದು ಎಲ್ಲಿ? ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ! ಅಲ್ಲಿನ ಭೂವರಾಹ ನರಸಿಂಹ ಗುಡಿ ಇಂದಿಗೂ ಗಟ್ಟಿಯಾಗಿ ನಿಂತಿದೆ. ಹೋಗುವ ದಾರಿಯಲ್ಲಿ ನಂದಗಡ. 1831ರ ಜನವರಿ 26ರಂದು ಬ್ರಿಟಿಷರು ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ಊರು. ಗಡಿಯಾಚೆ ಎಂಟು ಜಾಗಗಳ ಹಿಂದೆ ಓಡುವ ಹ್ಯಾಂಡ್‌ಬಿಲ್ಲಿನಲ್ಲಿ ಈ ಎರಡು ಹೆಸರು ಕಾಣಿಸುವುದು ಅಪರೂಪ.

ಆಗಬೇಕಾದದ್ದು

ಕೆಲಸ ಕಷ್ಟದ್ದೇನಲ್ಲ. ಒಂದು ಟ್ರಿಪ್ಪನ್ನು ಎರಡು ಮಾಡಿದರೆ ಸಾಕು. ಚೋರ್ಲಾ ದಾರಿಯದು ಒಂದು: ಹರವಳೆ, ಹಳೆ ಗೋವಾ, ಮಂಗೇಶಿ. ಮುಂಜಾನೆ ಐದಕ್ಕೆ ಬಿಟ್ಟು, ಮಧ್ಯಾಹ್ನ ಮೂರರ ಸುಮಾರಿಗೆ ಅಲ್ಲಿಂದ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮುಂಚೆ ಘಾಟು ಹತ್ತಿ ಆಗಿರುತ್ತದೆ. ಅನಮೋಡ ದಾರಿಯದು ಇನ್ನೊಂದು: ನಂದಗಡ, ಹಲಸಿ, ತಾಂಬಡಿ ಸುರ್ಲಾ. ಕದಂಬರ ಎರಡು ಗುಡಿಗಳನ್ನು ಒಂದೇ ದಿನ ನೋಡಿದ ಮಗು ಮಾಸ್ತರಿಗೇ ಪಾಠ ಹೇಳೀತು. ದೂಧಸಾಗರಕ್ಕೆ ಬೇರೆಯೇ ಒಂದು ದಿನ ಇಡಬೇಕು. ಇಲ್ಲವೇ ಕುಳೆಂಗೆ ಇಳಿಯುವ ರೈಲಿನ ಕಿಟಕಿಯಿಂದ, ಸೀಟು ಬಿಟ್ಟು ಏಳದೆ ನೋಡಿ ಕಣ್ತುಂಬಿಸಿಕೊಳ್ಳಬೇಕು. ಗೋವಾಕ್ಕೆ ಹೋಗುವ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ನಡೆಯುವುದಿಲ್ಲ. ಆದರೆ ಖಾನಾಪುರ ಕಡೆಯ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ನಡೆಯುತ್ತದೆ. ಹಲಸಿ ನೋಡಲಿಕ್ಕೆ ಹೆಣ್ಣುಮಕ್ಕಳು ಟ್ರಿಪ್ಪಿನ ಬಸ್ಸಿಗೆ ಕಾಯಬೇಕಾಗಿಯೇ ಇಲ್ಲ.

ದೂರದ ಟ್ರಿಪ್ಪೇ ಬೇಕು ಎನ್ನುವವರಿಗೆ ಎರಡನೆಯ ಡ್ರೈವರ್ ಕಡ್ಡಾಯವಾಗಲಿ. ಅವನ ಪಗಾರವನ್ನು ನಲವತ್ತು ಜನರ ಮೇಲೆ ಹಂಚಿದರೆ ಒಬ್ಬೊಬ್ಬರಿಗೆ ಬೀಳುವುದು ಎರಡು ಚಹಾ, ಒಂದು ಪ್ಲೇಟ್ ಚುರಮುರಿಯ ದುಡ್ಡು. ಜೀವಕ್ಕಿಂತ ಇದು ಹೆಚ್ಚಾಯಿತೇ?

ಸೀಟು ಬುಕ್ ಮಾಡುವವರು ರೇಟಿನ ಜೊತೆ ನಾಲ್ಕು ಮಾತು ಕೇಳಲಿ. ಡ್ರೈವರ್ ಎಷ್ಟು ಜನ? ನಿನ್ನೆ ರಾತ್ರಿ ಅವನು ಎಲ್ಲಿ ಮಲಗಿದ್ದ? ಗಡಿ ದಾಟುವ ಪರ್ಮಿಟ್ಟು, ಪ್ರಯಾಣಿಕರ ಪಟ್ಟಿ ಇದೆಯೇ? ಘಾಟು ಹತ್ತುವುದು ಎಷ್ಟು ಗಂಟೆಗೆ? ಪರ್ಮಿಟ್ ಇಲ್ಲದ ಬಸ್ಸಿಗೆ ಅಪಘಾತವಾದರೆ ವಿಮೆ ಕಂಪನಿಯವರು ಮೊದಲು ಬೆರಳು ಇಡುವುದು ಅದರ ಮೇಲೆಯೇ. ಪರಿಹಾರಕ್ಕಾಗಿ ಕೋರ್ಟು ಅಲೆಯುವ ಪಾಳಿ ಮನೆಯವರದ್ದು. ಉತ್ತರ ಕೊಡಲು ತಡವರಿಸುವ ಬುಕಿಂಗ್ ಆಫೀಸಿನ ಮೆಟ್ಟಿಲು ಇಳಿದು ಬರುವುದರಲ್ಲಿ ನಷ್ಟವಿಲ್ಲ.

ಸಾರಿಗೆ ಅಧಿಕಾರಿಗಳು ಬೆಳಗಿನ ಹೊತ್ತು ಬಸ್ಸು ಹೊರಡುವಾಗಲೇ ಕಾಗದ ಪತ್ರ ನೋಡಲಿ, ಡ್ರೈವರ್ ಎಷ್ಟು ಜನ ಎಂದು ಎಣಿಸಲಿ. ಅಪಘಾತವಾದ ಮೇಲೆ ಟೇಪು ಹಿಡಿದು ರಸ್ತೆ ಅಳೆಯುವುದಕ್ಕಿಂತ ಅದು ಹಗುರಾದ ಕೆಲಸ. ರಜೆಯ ದಿನಗಳು ಬರುತ್ತಲೇ ಇರುತ್ತವೆ, ಬಸ್ಸುಗಳು ಹೊರಡುತ್ತಲೇ ಇರುತ್ತವೆ. ಮುಂದಿನ ಹ್ಯಾಂಡ್‌ಬಿಲ್ ಅಚ್ಚಿಗೆ ಹೋಗುವ ಮೊದಲು ಮಾಲೀಕರು ಎರಡು ಜಾಗಗಳ ಹೆಸರು ಹೊಡೆದು, ಆ ಸಾಲಿನಲ್ಲಿ 'ಇಬ್ಬರು ಡ್ರೈವರ್' ಎಂದು ಬರೆಸುವರೇ? ಸಂಬಂಧಪಟ್ಟ ಅಧಿಕಾರಿಗಳು ಅದನ್ನು ಬರೆಸುವರೇ? ಬೆಳಗಾವಿಯ ಜನ ಕಾದು ನೋಡುತ್ತಿದ್ದಾರೆ.