ಬಳೆಯ ಹೊಳಪು, ಒಲೆಯ ಬಿಸಿ

ಹೈದರಾಬಾದಿನ ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರ್‌ಗೆ ಹೋದವರ ಕಣ್ಣು ಸೆಳೆಯುವುದು ಅರಗಿನ ಬಳೆಗಳ ಹೊಳಪು. ಅದರ ಹಿಂದಿನ ಕೆಂಡದ ಒಲೆ ಯಾರಿಗೂ ಕಾಣುವುದಿಲ್ಲ. ಹಳೇ ನಗರದ ಇಕ್ಕಟ್ಟಿನ ಕೋಣೆಗಳಲ್ಲಿ ಅರಗನ್ನು ಕಾಯಿಸಿ, ಹೊಸೆದು, ದುಂಡಗೆ ಬಾಗಿಸಿ, ಬಿಸಿ ಆರುವ ಮೊದಲೇ ಹರಳುಗಳನ್ನು ಒಂದೊಂದಾಗಿ ಕೂರಿಸಬೇಕು. ಇಂಥ ಮನೆ ಕಸುಬಿನಲ್ಲಿ ಮಾಲೀಕ, ಕೂಲಿಯಾಳು, ಲೆಕ್ಕ ಬರೆಯುವವ ಎಲ್ಲವೂ ಒಬ್ಬರೇ. ಒಂದು ದಿನ ಮೈ ಕೆಟ್ಟರೆ ಆ ದಿನದ ದುಡಿಮೆಯೂ ಇಲ್ಲ.

2024ರಲ್ಲಿ ಈ ಬಳೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಸಂತೋಷ. ಆದರೆ ಹೆಸರೊಂದೇ ಹೊಟ್ಟೆ ತುಂಬಿಸದು. ಕುಶಲಕರ್ಮಿಗಳಿಗೆ ನೆರವಾಗುವ 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ತಯಾರಕರಿಗೆ ಜಾಗವಿದೆ. ಗೊಂಬೆಗೆ ಅರಗಿನ ಬಣ್ಣ ಹಚ್ಚುವ ನಮ್ಮ ಚನ್ನಪಟ್ಟಣಕ್ಕೆ ಅದು ಒಳ್ಳೆಯದೇ. ಅದೇ ಅರಗನ್ನು ನಂಬಿ ಬದುಕುವ ಬಳೆ ತಯಾರಕರ ಕಸುಬು ಮಾತ್ರ ಆ ಪಟ್ಟಿಯಲ್ಲಿಲ್ಲ.

ಇನ್ನು ಮಾರಿದ ಮಾಲಿನ ಹಣದ ಮಾತು. ಸಣ್ಣ ಉದ್ಯಮಗಳಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಚಕ್ರಬಡ್ಡಿ ಕಟ್ಟಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆದರೆ ಸಣ್ಣ ಉದ್ಯಮವೆಂಬ ‘ಉದ್ಯಮ್’ ನೋಂದಣಿಯೂ ಇಲ್ಲದ, ಬಿಲ್ಲೂ ಇಲ್ಲದ ಕಸುಬುದಾರ ಯಾವ ಕಾಗದ ಹಿಡಿದು ನ್ಯಾಯ ಕೇಳಬೇಕು? ಕೇಳಿದರೆ ಮುಂದಿನ ಆರ್ಡರ್ ತಪ್ಪುವ ಭಯ ಬೇರೆ.

ಬಳೆ ತಯಾರಿಕೆಯನ್ನು ವಿಶ್ವಕರ್ಮ ಪಟ್ಟಿಗೆ ಸೇರಿಸಬೇಕು. ಅಧಿಕಾರಿಗಳು ಗಲ್ಲಿಗೇ ಹೋಗಿ ಉದ್ಯಮ್ ನೋಂದಣಿ ಮಾಡಿಸಬೇಕು. ಸ್ವಂತ ಕಾಲ ಮೇಲೆ ನಿಂತವರಿಗೆ ಬೇಕಿರುವುದು ದಾನವಲ್ಲ; ದುಡಿದ ದುಡ್ಡು, ಹೊತ್ತಿಗೆ ಸರಿಯಾಗಿ.