ಜೀವಂತ ಮದ್ದಿಗೆ ಜೀವಂತ ವ್ಯವಸ್ಥೆ ಬೇಕು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಭಾಗ್ಯವು ಹಿಪ್ಪುನೇರಳೆಯ ಬೇರನ್ನು ಅವಲಂಬಿಸಿರುತ್ತದೆ. ಆ ಬೇರನ್ನು ಕೊಳೆಯಿಸುವ ಶಿಲೀಂಧ್ರಗಳಾದರೋ ವರ್ಷಗಟ್ಟಲೆ ಮಣ್ಣಿನಲ್ಲಿ ಅಡಗಿರತಕ್ಕವು. ಚಿಕ್ಕಬಳ್ಳಾಪುರ, ಚಿಂತಾಮಣಿಗಳ ಟೊಮ್ಯಾಟೊವಿಗೂ ಗೌರಿಬಿದನೂರಿನ ಕಡಲೇಕಾಯಿಗೂ ಇಂತಹ ಶತ್ರುಗಳುಂಟು. ಸೊಪ್ಪನ್ನೇ ತಿಂದು ಬದುಕುವ ಹುಳುವಿನ ತೋಟದಲ್ಲಿ ವಿಷವನ್ನು ಮನಬಂದಂತೆ ಸುರಿದರೆ ಗೂಡಿಗೇ ಕೇಡು.

ಪರಿಹಾರವೂ ಮಣ್ಣಿನಲ್ಲಿಯೇ ಇದೆ. ಟ್ರೈಕೋಡರ್ಮಾ ಎಂಬ ಹಸುರು ಬೂಷ್ಟು ಇತರ ಶಿಲೀಂಧ್ರಗಳ ಮೇಲೆ ಬಿದ್ದು ಅವನ್ನು ಕೊಲ್ಲುವುದೆಂದು 1932ರಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟರು. ಇದರ ಒಂದು ಕಿಲೋ ಪುಡಿಯನ್ನು 100 ಕಿಲೋ ಕಳಿತ ಕೊಟ್ಟಿಗೆಗೊಬ್ಬರದಲ್ಲಿ ಬೇವಿನ ಹಿಂಡಿಯೊಡನೆ ಬೆರೆಸಿ, ನೆರಳಿನಲ್ಲಿ ತೇವವಾರದಂತೆ ಒಂದೆರಡು ವಾರವಿಟ್ಟರೆ ಅದು ಗೊಬ್ಬರದಲ್ಲೆಲ್ಲಾ ಹಬ್ಬುತ್ತದೆ. ಬೇವು, ಹೊಂಗೆಗಳ ಹಿಂಡಿ ನಮ್ಮ ರೈತರಿಗೆ ಹೊಸದಲ್ಲ. ಒಣಗಿದ ಗಿಡವನ್ನು ಇದು ಬದುಕಿಸಲಾರದು. ರೋಗವು ತಗಲುವ ಮೊದಲೇ ಬೇರನ್ನು ಕಾಯಬಲ್ಲುದು.

ಆದರೆ ಈ ಮದ್ದು ಜೀವಂತವಾದುದು. ಬಿಸಿಲಿಗೆ ಬೆಂದು, ಅವಧಿ ಮೀರಿ ಅಂಗಡಿಯಲ್ಲಿ ಬಿದ್ದಿದ್ದ ಪೊಟ್ಟಣದಲ್ಲಿ ಉಳಿಯುವುದು ಬರಿಯ ಬಳಪದ ಪುಡಿ. ಅದನ್ನು ಕೊಂಡು ಫಲಗಾಣದ ರೈತನು ಶಾಸ್ತ್ರವನ್ನೇ ಹಳಿದು ಮರಳಿ ವಿಷಕ್ಕೆ ಕೈಚಾಚಿದರೆ ತಪ್ಪು ಯಾರದು? 1968ರ ಕೀಟನಾಶಕಗಳ ಕಾಯಿದೆಯು ಇಂತಹ ಜೈವಿಕ ಮದ್ದುಗಳಿಗೂ ಅನ್ವಯಿಸುತ್ತದೆ. ಆದಕಾರಣ ಅಧಿಕಾರಿಗಳು ಬಿತ್ತನೆಗೆ ಮುಂಚೆಯೇ ಅಂಗಡಿಗಳಿಂದ ಮಾದರಿಗಳನ್ನು ತೆಗೆದು ಪರೀಕ್ಷಿಸಬೇಕು. ತಯಾರಿಕೆಯ ತಾರೀಖಿಲ್ಲದ ಪೊಟ್ಟಣವನ್ನು ಮಾರಗೊಡಬಾರದು. ಮದ್ದನ್ನು ತಂಪಿನಲ್ಲಿರಿಸಿ ಹೋಬಳಿಗಳಿಗೆ ಸಕಾಲದಲ್ಲಿ ಮುಟ್ಟಿಸಬೇಕು. ಬೇರು ಕೊಳೆತ ಮೇಲೆ ಹೊರಡುವ ಸುತ್ತೋಲೆಯಿಂದ ಒಂದು ಎಲೆಯೂ ಚಿಗುರದು ಎಂಬುದನ್ನು ನಾವು ಅವರ ಗಮನಕ್ಕೆ ತರಬಯಸುತ್ತೇವೆ.